ಎರಡು ಬೆರಳು ಮರ

ಮೂರನೆಯ ರೈಫಲನ್ನೂ ಮೇಜಿನ ಮೇಲಿಟ್ಟು ಸೈಮಿ ಕಿವಿಯ ಮುಚ್ಚಳ ತೆಗೆದಳು. ಬಂದೂಕಿನಂಗಡಿಯ ಹಿಂದಿನ ಜಲ್ಲಿಗುಂಡಿಯಲ್ಲಿ ಗುಂಡಿನ ಸದ್ದು ಇನ್ನೂ ಗುಂಯ್‌ಗುಡುತ್ತಿತ್ತು. ಅಂಗಡಿಯ ಆರ್ವೊ ಗುರಿಯ ಕಾಗದ ಬಿಚ್ಚಿ ತಂದು ಅದರ ಮೇಲೆ ಎರಡು ಯೂರೊ ನಾಣ್ಯ ಇಟ್ಟ. ತೂತುಗಳೆಲ್ಲ ಅದರಡಿ ಮುಚ್ಚಿಹೋದವು.

"ಬಂದೂಕು ಅಂದ್ರೆ ಇದು ನೋಡಮ್ಮ. ಮರಳುಚೀಲದ ಮೇಲಿಟ್ಟು ಕುರಿ ಕೈಲಿ ಹೊಡೆಸಿದ್ರೂ ಒಂದೇ ಕಡೆ ಬೀಳುತ್ತೆ."

"ಕುರಿ ಅಂದಿದ್ದು ಯಾರನ್ನ?" ಅಂದಳು ಸೈಮಿ.

ಬೆಂಚಿನ ಮೇಲೆ ಕಾಫಿ ಹಿಡಿದು ಕೂತಿದ್ದ ಮಾವ ವಿಲ್ಹೊ ನಗಲಿಲ್ಲ. ಬೆಳಗಿನಿಂದ ಅವರು ನಕ್ಕಿದ್ದೇ ಇಲ್ಲ, ನಗುವಂಥದ್ದೂ ಏನಿರಲಿಲ್ಲ ಬಿಡಿ.

ಕುದುರೆಗಿಂತ ಎತ್ತರದ ಕಾಡುಜಿಂಕೆ ಮೂಸ್; ಊರಿನ ಮೂಸ್ ಬೇಟೆಯ ತಂಡದಲ್ಲಿ ಜೌಗಿನ ಅಂಚಿನ ಕಾವಲು ಜಾಗ ಅವರ ಮನೆತನದ್ದು. ಕಣ್ಣು ಮಂಜಾದ ಮೇಲೆ ವಿಲ್ಹೊ ಅಲ್ಲಿ ನಿಲ್ಲುವುದು ಬಿಟ್ಟಿದ್ದರು. ಮಗ, ಸೈಮಿಯ ಗಂಡ ಯೂಸ್ಸಿಗೆ ರಕ್ತ ಕಂಡರೆ ತಲೆಸುತ್ತು. ಮನೆಯಲ್ಲಿ ಮೀನು ಸೀಳುವುದೂ ಸೈಮಿಯೇ. ಶಾಲೆಯ ಅಡುಗೆಮನೆಯಲ್ಲಿ ದುಡಿಯುವ ಸೊಸೆ ಒಂದು ಸಂಜೆ "ನಾನು ನಿಲ್ತೀನಿ ಮಾವ" ಅಂದಾಗ ಮುದುಕರು ಮರುಮಾತಾಡದೆ ಬೀರು ತೆಗೆದು ತಮ್ಮ ರೈಫಲ್ ಕೈಗೆ ಕೊಟ್ಟಿದ್ದರು. ಆದರೆ ಗುರಿ ಪರೀಕ್ಷೆಯಲ್ಲಿ ಅವಳು ಹೋದ ವರ್ಷವೂ ಫೇಲು, ಈ ವರ್ಷವೂ ಫೇಲು. ಈ ಶನಿವಾರ ಕೊನೆಯ ಅವಕಾಶ. ಅದೂ ಕೈತಪ್ಪಿದರೆ, ಖಾಲಿ ಬಿದ್ದ ಜಾಗ ಬೇರೆ ಮನೆಗೆ ಹೋಗಬೇಕೆಂಬುದು ತಂಡದ ಕಟ್ಟಳೆ.

ಹಳೆಯದನ್ನು ಕೊಟ್ಟು ನನಗೆಂದೇ ಹೊಸದೊಂದು ತಗೊಳ್ಳಲಾ ಎಂದು ಸೈಮಿ ಅಳುಕುತ್ತಲೇ ಕೇಳಿದ್ದಳು. "ತಗೋ," ಅಂದಿದ್ದರು ಮಾವ, ಅಷ್ಟೇ. ಕಾರಿನಲ್ಲಿ ದಾರಿಯುದ್ದಕ್ಕೂ ಅವರ ಮುಖ ಕಿಟಕಿಯ ಕಡೆಗೇ ಇತ್ತು.

"ಇದನ್ನೇ ಕೊಡ್ಲಾ?" ಅಂದ ಆರ್ವೊ.

"ಕಾಡಿಗೆ ಮೇಜು ಯಾರು ಹೊತ್ಕೊಂಡು ಬರ್ತಾರಪ್ಪ?" ಅಂದರು ವಿಲ್ಹೊ. "ಸೈಮಿ, ಬೇಟೆ ಕೋಟು ಹಾಕ್ಕೋ. ನಿಂತು ಹೊಡಿ."

ಕೋಟು ಹಾಕಿ, ನಿಂತು ಹೊಡೆದಳು. ಒಂದು ಗುಂಡು ಕಾಗದದ ಮೂಲೆಗೆ ತಾಗಿತು. ಉಳಿದವು ಎಲ್ಲಿ ಹೋದವೋ ದೇವರೇ ಬಲ್ಲ.

"ಮತ್ತೆ ಕಣ್ಣು ಮುಚ್ತಿದ್ದೀಯ."

ಎರಡು ವರ್ಷದಿಂದ ಕೇಳಿ ಕೇಳಿ ಸವೆದ ಮಾತು. ಸೈಮಿಗೆ ರೇಗಿಹೋಯಿತು. "ಮುಚ್ತಿಲ್ಲ ಮಾವ! ಮುಚ್ಚೋಕೆ ಮೊದಲು ಏನಾದ್ರೂ ಕಾಣ್ಬೇಕಲ್ಲ? ಬಂದೂಕಿನ ಮೇಲಿನ ದೂರ್ಬೀನಿನಲ್ಲಿ ಬರೀ ಕತ್ತಲು, ಅಂಚಲ್ಲಿ ಒಂಚೂರು ಬೆಳಕು. ನಿಮ್ಮದ್ರಲ್ಲೂ ಹಾಗೇ."

"ನನ್ನದ್ರಲ್ಲೂ?" ವಿಲ್ಹೊ ಲೋಟ ಕೆಳಗಿಟ್ಟರು. "ಮೊದಲೇ ಯಾಕೆ ಹೇಳ್ಲಿಲ್ಲ?"

"ಹೇಗೆ ಹೇಳ್ಲಿ? ಅದು ನಿಮ್ಮ ಬಂದೂಕು."

ಆ ಊರಲ್ಲಿ ಹಿರಿಯರ ಹೆಂಡತಿಯ ಅಡುಗೆಗೆ ಬೇಕಾದರೂ ಹೆಸರಿಡಬಹುದು, ಅವರ ಬಂದೂಕಿಗೆ ಇಡುವ ಹಾಗಿಲ್ಲ. ಆರ್ವೊ ಗಂಟಲು ಸರಿಮಾಡಿಕೊಂಡು ಒಳಗೆ ಹೋದ. ಬರುವಾಗ ಚಿಕ್ಕ ಆಳಿಗೆಂದು ಮಾಡಿದ ಗಿಡ್ಡ ರೈಫಲೊಂದನ್ನು ತಂದ. ಸೈಮಿ ಅದನ್ನು ಭುಜಕ್ಕೆ ಏರಿಸಿದ್ದೇ ತಡ, ದೂರ್ಬೀನಿನಲ್ಲಿ ಗುರಿಯ ಕಾಗದದಲ್ಲಿ ಬಿಡಿಸಿದ್ದ ಮೂಸ್ ಕೊಂಬುಸಮೇತ ನಿಚ್ಚಳವಾಗಿ ಕಂಡಿತು. ಗುಂಡುಗಳೆಲ್ಲ ಎದೆಯ ವೃತ್ತದೊಳಕ್ಕೆ ಬಿದ್ದವು, ಆದರೆ ಅಂಗೈಯಗಲ ಚೆದುರಿ. ಮರಳುಚೀಲದ ಮೇಲಿಟ್ಟು ಹೊಡೆದರೂ ಅಷ್ಟೇ ಚೆದುರಿದವು.

"ಪರೀಕ್ಷೆಗೆ ಸಾಕು," ಅಂದ ಆರ್ವೊ.

"ಜೌಗಿನಂಚಿಗೆ ಸಾಲದು," ಅಂದರು ವಿಲ್ಹೊ. "ಅಲ್ಲಿಂದ ಹೊಡೆತ ದೂರ. ಹೊಟ್ಟೆಗೆ ಗುಂಡು ತಿಂದ ಮೂಸ್ ಜೌಗಿನಲ್ಲಿ ನರಳ್ತಾ ಬಿದ್ದಿರುತ್ತೆ. ನನ್ನ ಮನೆ ಜಾಗದಲ್ಲಿ ಅದಾಗಬಾರದು."

ಹೇಳಿದವರು ಎದ್ದು ಬಂದು ಸೊಸೆಯ ಕೈಯಿಂದ ಗಿಡ್ಡ ರೈಫಲ್ ತೆಗೆದುಕೊಂಡರು. ಬೆಂಚಿನ ಪಕ್ಕದಲ್ಲಿದ್ದ ತಮ್ಮ ಬಂದೂಕಿನ ಚೀಲ ಬಿಚ್ಚಿ, ಹಳೆಯದನ್ನು ಹೊರತೆಗೆದು, ಎರಡನ್ನೂ ಅಕ್ಕಪಕ್ಕ ಮಲಗಿಸಿದರು. ಭುಜಕ್ಕೆ ಒತ್ತುವ ಮರದ ತುದಿಯ ಬಳಿ ಬೆರಳಿಟ್ಟು ಅಳೆದರು.

"ಎರಡು ಬೆರಳು ಉದ್ದ," ಅಂದರು. "ಕೋಟು ಬೇರೆ ದಪ್ಪ. ಕಣ್ಣು ದೂರ್ಬೀನಿಂದ ಹಿಂದೇ ಉಳಿಯುತ್ತೆ. ಆರ್ವೊ, ಗರಗಸ ತಗೊಂಡು ಬಾ."

"ಯಜಮಾನ್ರೆ, ಕತ್ತರಿಸಿದ ಮೇಲೆ ಇದನ್ನ ಯಾರೂ ಮೂಸಿ ನೋಡಲ್ಲ. ಮತ್ತೆ ನಿಮಗೂ..."

"ಮಾರೋರು ಯಾರು? ಇಷ್ಟು ನೇರ ಹೊಡೆಯೋದು ನಿನ್ನಂಗಡೀಲಿ ಇನ್ನೊಂದಿದ್ರೆ ತೋರ್ಸು."

ಆರ್ವೊ ಗರಗಸ ತಂದ.

"ಬೇಡ ಮಾವ," ಅಂದಳು ಸೈಮಿ. "ನಾನೇ ಹೇಗಾದ್ರೂ ಕತ್ತು ಚಾಚಿ..."

"ಎರಡು ವರ್ಷ ನಿನ್ನ ಕಣ್ಣಿಗೆ ಬೈದೆ. ಬೈಬೇಕಾಗಿದ್ದು ಈ ಮರಕ್ಕೆ." ವಿಲ್ಹೊ ಅವಳ ಮುಖ ನೋಡದೆ ಹೇಳಿದರು. "ಸುಮ್ನಿರು ಈಗ."

ಆರ್ವೊ ಮರವನ್ನು ಇಕ್ಕಳಕ್ಕೆ ಕಚ್ಚಿಸಿದ. ಗರಗಸ ಎಳೆಯುವಷ್ಟು ಹೊತ್ತೂ ವಿಲ್ಹೊ ಒಂದು ಕೈಯಿಂದ ನಳಿಗೆ ಹಿಡಿದು ನಿಂತಿದ್ದರು, ಎಳೆಗರುವಿಗೆ ಸೂಜಿ ಚುಚ್ಚಿಸುವಾಗ ಹಿಡಿದುಕೊಳ್ಳುವ ಹಾಗೆ. ಕತ್ತರಿಸಿದ ತುದಿಯನ್ನು ಉಜ್ಜಿ, ರಬ್ಬರು ಪಟ್ಟಿ ಕೂರಿಸಿ ತಿರುಪು ಬಿಗಿದಾಯಿತು.

ಸೈಮಿ ಕೋಟು ಹಾಕಿಕೊಂಡೇ ನಿಂತು ಹೊಡೆದಳು. ಕಾಗದ ತಂದ ಆರ್ವೊ ನಾಣ್ಯಕ್ಕಾಗಿ ಜೇಬು ತಡಕಿದ. ಅದು ಬೇಕಾಗಲಿಲ್ಲ, ಹೆಬ್ಬೆಟ್ಟಿನಲ್ಲೇ ತೂತುಗಳು ಮುಚ್ಚಿದವು. "ಹೊಸದೊಂದು ಮಾರೋಣ ಅಂತಿದ್ದೆ, ನನ್ನ ಹಣೆಬರಹ," ಅಂತ ಗೊಣಗಿದ.

"ಕೊಡು ಇಲ್ಲಿ," ಎಂದು ವಿಲ್ಹೊ ರೈಫಲ್ ತೆಗೆದುಕೊಂಡರು. ಅಭ್ಯಾಸಬಲ, ತೆಗೆದುಕೊಂಡವರೇ ಭುಜಕ್ಕೆ ಏರಿಸಿದರು. ಮರ ಈಗ ಅವರಿಗೆ ಗಿಡ್ಡ, ಹೆಬ್ಬೆರಳು ಹೋಗಿ ಮೂಗಿಗೆ ಬಡಿಯಿತು. ಮೊಣಕೈ ಒಳಗೆಳೆದು, ಗದ್ದ ಹಿಂದಕ್ಕೊತ್ತಿ ಇನ್ನೊಮ್ಮೆ ನೋಡಿದರು. ಆಮೇಲೆ ನಿಧಾನವಾಗಿ ಇಳಿಸಿ, ಚಿಲಕ ತೆರೆದು, ಒಳಗೆ ಗುಂಡಿಲ್ಲವೆಂದು ತಾವೂ ನೋಡಿ ಅವಳಿಗೂ ತೋರಿಸಿ, ಸೊಸೆಯ ಕೈಗೆ ಕೊಟ್ಟರು. ಕೊಟ್ಟ ಮೇಲೂ ಅವರ ಎರಡು ಕೈಗಳು ಸ್ವಲ್ಪ ಹೊತ್ತು ಹಾಗೇ ಚಾಚಿಕೊಂಡಿದ್ದವು.