ಕ್ಷಮೆಯ ಶೂಟಿಂಗ್

ನನ್ನ ಬಾಯಿ ಈಗ ಆರು ಐಸ್‌ಕ್ರೀಮ್ ಕಡ್ಡಿಯಷ್ಟು ತೆರೆಯುತ್ತದೆ. ಹುಬ್ಬಳ್ಳಿಯ ಡಾಕ್ಟರು ಹೇಳಿಕೊಟ್ಟ ವ್ಯಾಯಾಮ ಇದು. ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ತುರುಕಿಕೊಂಡು, ನೋವು ತಡೆದುಕೊಂಡು ಕೂರಬೇಕು. ಕೆಲವು ದಿನಕ್ಕೊಮ್ಮೆ ಇನ್ನೊಂದು ಕಡ್ಡಿ ಸೇರಿಸಬೇಕು. ಟಿವಿಯಲ್ಲಿ ಸುದ್ದಿ ಓದಿ ಹೊಟ್ಟೆ ಹೊರೆದ ಬಾಯಿ ಇದು. ಈಗ ಇದರೊಳಗೆ ರೊಟ್ಟಿಯ ಚೂರು ಹೋಗುವುದಿಲ್ಲ. ಅವ್ವ ಜೋಳದ ನುಚ್ಚು ಕುದಿಸಿ, ಮಜ್ಜಿಗೆಯಲ್ಲಿ ಕಲಸಿ ಚಮಚದಲ್ಲಿ ಕೊಡುತ್ತಾಳೆ. ಸಿಟ್ಟು ಬಂದಾಗ ಹಲ್ಲು ಕಡಿಯೋಣವೆಂದರೆ ಅದಕ್ಕೂ ದವಡೆ ಒಪ್ಪುವುದಿಲ್ಲ.

ಸಿಟ್ಟಂತೂ ದಿನವೂ ಬರುತ್ತದೆ. ನಮ್ಮೂರು ಮೊರಬದ ಜನ ನನ್ನನ್ನು ಮಾತಾಡಿಸಲು ಬರುತ್ತಾರೆ, ಮಾತಾಡಲು ಬಾರದವಳನ್ನು. ನಾನು ಅಗಿಯಲಾಗದ ಬ್ರೆಡ್ಡು, ಬಿಸ್ಕಿಟ್ಟು ತರುತ್ತಾರೆ. ಕೆನ್ನೆಯ ಹೊಲಿಗೆ ನೋಡುತ್ತಾರೆ, ಚಹಾ ಕುಡಿಯುತ್ತಾರೆ, ಆಮೇಲೆ ಜೇಬಿನಿಂದ ಫೋನ್ ತೆಗೆದು "ಸ್ವಲ್ಪ ಈ ಕಡೆ ಹೊಳ್ಳವಾ" ಎನ್ನುತ್ತಾರೆ. ಹಾಗೆ ಬಂದ ಸುವರ್ಣಾ ಕಾಕಿಯೇ ಹೋದ ವಾರ ನನ್ನ ಅಪಘಾತವನ್ನು ನನಗೆ ತೋರಿಸಿದ್ದು. ಮಗುಚಿ ಬಿದ್ದ ಕಾರಿಗೆ ಯಾರೋ ಅಳುವ ಹಾಡು ಜೋಡಿಸಿದ್ದರು. ಅದು ಮುಗಿಯುತ್ತಿದ್ದಂತೆ ನಮ್ಮ ಚಾನೆಲ್ಲಿನ ಸುದ್ದಿ ಬಂತು. "ಚಾಲಕನ ಹುಚ್ಚು ವೇಗಕ್ಕೆ ಬಲಿಯಾಗುತ್ತಿದ್ದ ನಿರೂಪಕಿ ಶೈಲಾ!" ಚಾಲಕನ ಮುಖಕ್ಕೆ ಕೆಂಪು ಸುತ್ತು ಹಾಕಿದ್ದರು. ಆ ಮುಖ ನಮ್ಮ ಓಣಿಯ ಮುಜಫರನದು.

ಅವನನ್ನು ಚಾನೆಲ್ಲಿನ ಗಾಡಿಗೆ ಸೇರಿಸಿದವಳು ನಾನೇ. ಆಗಸ್ಟಿನಲ್ಲಿ ಅಳ್ನಾವರದ ಹತ್ತಿರ ಒಂದು ಹಿತ್ತಿಲಿನಲ್ಲಿ ಚಿರತೆ ಸಿಕ್ಕಿಬಿದ್ದಿದೆ ಎಂಬ ಸುದ್ದಿ ಬಂದಿತ್ತು. ಮುಜಫರನ ಜೊತೆ ನಾನು ಹೊರಟಾಗ ಬೇರೆ ಚಾನೆಲ್ಲಿನ ಗಾಡಿ ಆಗಲೇ ಧಾರವಾಡ ದಾಟಿತ್ತು. ನಮ್ಮ ಬ್ಯೂರೋದ ಮುಖ್ಯಸ್ಥ ಸುಭಾಸ ಆಫೀಸಿನಲ್ಲಿ ಕೂತು ಫೋನಿನಲ್ಲೇ ಗಾಡಿ ಓಡಿಸುತ್ತಿದ್ದ. "ಒತ್ತೋ ಲೇ. ಕಾರ್ ಹೊಡೀತಿಯೋ, ಚಕ್ಕಡಿ ಹೊಡೀತಿಯೋ?" ರಸ್ತೆ ಹಸಿ ಇದೆ ಸರ್ ಎಂದು ಮುಜಫರ್ ಹೇಳಿದ, ಮತ್ತೆ ಹೇಳಿದ. ಆಗದಿದ್ದರೆ ನಾಳೆಯಿಂದ ಬೇರೆಯವನು ಬರುತ್ತಾನೆ ಎಂದ ಸುಭಾಸ. ನಾನು ನಡುವೆ ಬಾಯಿ ಹಾಕಿ, ನಿಧಾನ ಹೋಗಲಿ ಬಿಡಿ ಎಂದೆ. ಮೇಡಮ್, ನೀವು ಮೇಕಪ್ ನೋಡಿಕೊಳ್ಳಿ ಎಂದ ಸುಭಾಸ. ತಿರುವಿನಲ್ಲಿ ಕಾರು ಜಾರಿ, ಹಳ್ಳದ ಸೇತುವೆಯ ಗೋಡೆಗೆ ಬಡಿದು ಉರುಳಿತು. ಅಳ್ನಾವರದಲ್ಲಿ ಸಿಕ್ಕಿದ್ದು ಚಿರತೆಯೂ ಅಲ್ಲ, ಕಾಡುಬೆಕ್ಕು. ಒಂದು ಬೆಕ್ಕಿಗಾಗಿ ನನ್ನ ದವಡೆ ಎರಡು ಕಡೆ ಮುರಿಯಿತು, ಮುಜಫರನ ಪಕ್ಕೆಲುಬುಗಳು ಮುರಿದವು.

ಆಸ್ಪತ್ರೆಗೆ ಪೊಲೀಸರು ಬಂದಾಗ ನನ್ನ ಹಲ್ಲುಗಳಿಗೆ ತಂತಿ ಬಿಗಿದಿತ್ತು, ಬಲಗೈಗೆ ಪ್ಲಾಸ್ಟರ್ ಇತ್ತು. ಹೇಳಲೂ ಆಗದು, ಬರೆಯಲೂ ಆಗದು. ಮಂಚದ ಪಕ್ಕ ನಿಂತು ನನ್ನ ಪರವಾಗಿ ಮಾತಾಡಿದವನು ಸುಭಾಸ. ಮನೆಗೆ ಬಂದ ಮೇಲೆ, ವಿಶ್ರಾಂತಿ ಬೇಕೆಂದು ಅವ್ವ ನನ್ನ ಫೋನನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದಳು. ಮುಜಫರ್ ಯಾಕೆ ನೋಡಲು ಬರಲಿಲ್ಲವೆಂದು ನಾನು ಸನ್ನೆಯಲ್ಲಿ ಕೇಳಿದಾಗಲೆಲ್ಲ ಮಾತು ಬೇರೆ ಕಡೆ ಹೊರಳಿಸಿದಳು. ಅವನ ಮೇಲೆ ಕೇಸು ದಾಖಲಾಗಿತ್ತು. ಲೈಸೆನ್ಸ್ ಜೇಬಿನಲ್ಲೇ ಇತ್ತು, ಆದರೆ ಊರಲ್ಲಿ ಟ್ರ್ಯಾಕ್ಟರಿನ ಸ್ಟೇರಿಂಗ್ ಕೂಡ ಯಾರೂ ಅವನ ಕೈಗೆ ಕೊಡುತ್ತಿರಲಿಲ್ಲ. ಮುರಿದ ಪಕ್ಕೆ ಇಟ್ಟುಕೊಂಡು ಹತ್ತಿ ಚೀಲ ಹೇರುತ್ತಿದ್ದ.

ಇದೆಲ್ಲ ಗೊತ್ತಾದ ವಾರವೇ ಸುಭಾಸ ಅವ್ವನಿಗೆ ಫೋನ್ ಮಾಡಿದ. ನನ್ನ ಪುನರ್ಜನ್ಮದ ಬಗ್ಗೆ ವಿಶೇಷ ಕಾರ್ಯಕ್ರಮವಂತೆ, ಆಮೇಲೆ ನನಗೆ ಹೊಸ ಶೋ ಅಂತೆ. ಕಾರ್ಯಕ್ರಮದ ಕೊನೆಯಲ್ಲಿ ಚಾಲಕ ಬಂದು ನನ್ನ ಕಾಲು ಮುಟ್ಟಬೇಕು, ನಾನು ಅವನನ್ನು ಕ್ಷಮಿಸಬೇಕು. ಊರಿನ ಹಿರಿಯ ಮಡಿವಾಳೆಪ್ಪ ಕಾಕಾನಿಗೆ ಈ ಮಾತು ಬಹಳ ಹಿಡಿಸಿತು. ಹೊಲದ ಬದುವಿನ ಜಗಳವಿರಲಿ, ಅಣ್ಣ ತಮ್ಮಂದಿರ ಹೊಡೆದಾಟವಿರಲಿ, ಅವನು ರಾಜಿ ಮಾಡಿಸುವುದು ಹೀಗೆಯೇ. ಸಣ್ಣವನು ಬಗ್ಗಿ "ತಪ್ಪಾತು" ಅನ್ನಬೇಕು, ದೊಡ್ಡವನು ಬೆನ್ನು ಮುಟ್ಟಬೇಕು, ಅಲ್ಲಿಗೆ ಮುಗಿಯಿತು. ಟಿವಿಯಲ್ಲೂ ಹಾಗೇ ಮುಗಿಯುತ್ತದೆ, ಕೇಸು ತಾನಾಗಿ ಬಿದ್ದುಹೋಗುತ್ತದೆ ಎಂದು ಅವನು ನಂಬಿದ, ಊರನ್ನೂ ನಂಬಿಸಿದ.

ನನಗೆ ಆ ಧಂದೆ ಗೊತ್ತು. ನಾನು ಕ್ಷಮಿಸಿದೆ ಅಂದರೆ ಅವನು ತಪ್ಪು ಮಾಡಿದ ಅಂತಲೇ ಅರ್ಥ. ಅವನೇ ಬಾಯಿಬಿಟ್ಟು ತಪ್ಪಾತು ಅಂದದ್ದನ್ನು ರಾಜ್ಯವೆಲ್ಲ ನೋಡುತ್ತದೆ, ಕೋರ್ಟೂ ನೋಡುತ್ತದೆ. ಕೇಸು ಬೀಳುವುದಿಲ್ಲ, ಬೀಳುವುದು ಮುಜಫರ್. ಅರ್ಧ ತೆರೆದ ಬಾಯಿಯಲ್ಲಿ ಇದನ್ನೆಲ್ಲ ಅವ್ವನಿಗೆ ತಿಳಿಸುವಷ್ಟರಲ್ಲಿ ಸಾಕುಸಾಕಾಯಿತು. ಠಾಣೆಗೆ ಹೋಗೋಣ ನಡೆ ಎಂದೆ. ಕೈಯಲ್ಲಿರುವ ನೌಕರಿ ಯಾಕೆ ಕಳೆದುಕೊಳ್ಳುತ್ತಿ, ಎರಡು ಮಾತು ಆಡಿದರೆ ನಿನ್ನ ಗಂಟು ಏನು ಹೋಗುತ್ತದೆ ಎಂದಳು ಅವ್ವ. ಸಿಟ್ಟಿನಲ್ಲಿ ನುಚ್ಚಿನ ಬಟ್ಟಲು ದೂಡಿದೆ. ಚೆಲ್ಲಿದ್ದನ್ನು ಬಳಿದವಳೂ ಅವಳೇ.

ಶೂಟಿಂಗಿನ ಹಿಂದಿನ ದಿನ ಮುಜಫರನ ತಾಯಿ ರಹೀಮಾಬಿ ಬಂದಳು. ನಾನು ಸಣ್ಣವಳಿದ್ದಾಗ ಸೊಂಟದ ಮೇಲೆ ಹೊತ್ತು ತಿರುಗಿದವಳು ಈಗ ಹೊಸ್ತಿಲ ಹೊರಗೆ ನಿಂತು, ಒಳಗೆ ಬಾ ಎಂದರೂ ಬರಲಿಲ್ಲ.

"ಶೈಲವ್ವಾ, ನನ್ನ ಮಗನ್ನ ಕ್ಷಮಾ ಮಾಡಿಬಿಡವಾ. ಅಂವಗ ಹೇಳೀನಿ, ಕಾಲ ಮುಟ್ತಾನ."

"ಅಂವ ಏನೂ ಮಾಡಿಲ್ಲ ಚಾಚಿ."

"ಅದು ನನಗ ಗೊತ್ತೈತಿ. ಆದ್ರೂ ಮಾಡು."

ಏನೂ ಮಾಡದವನಿಗೆ ಕ್ಷಮೆ ಬೇಡಲು ಅವನ ತಾಯಿಯನ್ನೇ ನನ್ನ ಬಾಗಿಲಿಗೆ ತಂದು ನಿಲ್ಲಿಸಿದ್ದರು. ಅವತ್ತಿನಷ್ಟು ಸಿಟ್ಟು ನನಗೆ ಕಾರು ಉರುಳಿದಾಗಲೂ ಬಂದಿರಲಿಲ್ಲ.

ಮರುದಿನ ಸುಭಾಸ ಕ್ಯಾಮೆರಾದವನ ಜೊತೆ ಬಂದ, ದೊಡ್ಡ ಹಣ್ಣಿನ ಬುಟ್ಟಿ ತಂದ. ಹೊಲಿಗೆ ಕಾಣುವ ಹಾಗೆ ನನ್ನನ್ನು ಅಂಗಳದಲ್ಲಿ ಕೂರಿಸಿದರು. ಅರ್ಧ ಊರು ಸುತ್ತ ನಿಂತಿತ್ತು. ಮುಜಫರ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ. ನನ್ನ ಮುಖ ನೋಡಲಿಲ್ಲ. ಒಂದು ಕೈಯಲ್ಲಿ ಪಕ್ಕೆ ಹಿಡಿದುಕೊಂಡು ಬಗ್ಗಿದ. ನಾನು ಕಾಲು ಹಿಂದೆಳೆದುಕೊಂಡೆ.

"ಕಾಲ ಸರಸಬ್ಯಾಡ್ರಿ ಮೇಡಮ್, ಫೋಕಸ್ ಹೋತು," ಎಂದ ಸುಭಾಸ. "ಏ, ಇನ್ನೊಮ್ಮೆ ಬಗ್ಗಲೇ."

ಮುಜಫರ್ ಇನ್ನೊಮ್ಮೆ ಬಗ್ಗಲು ಪಕ್ಕೆ ಹಿಡಿದುಕೊಂಡ. ನಾನು ಅವನ ರಟ್ಟೆ ಹಿಡಿದು ನಿಲ್ಲಿಸಿ, ಕುರ್ಚಿಯಿಂದ ಎದ್ದೆ. ಸುಭಾಸನ ಕ್ಯಾಮೆರಾಕ್ಕೆ ಹೇಳಿದ್ದನ್ನು ಸುಭಾಸ ಕತ್ತರಿಸುತ್ತಾನೆ. ಹಾಗಾಗಿ ಊರಿನ ಕಡೆ ತಿರುಗಿದೆ.

"ಎಲ್ಲಾರೂ ಫೋನ್ ತಗೀರಿ. ಇಷ್ಟ ದಿನ ನನ್ನ ಹೊಲಿಗಿ ತಗದೀರಿ, ಈಗ ಮಾತ ತಗೀರಿ. ಮುಜಫರ್ ತಪ್ಪ ಮಾಡಿಲ್ಲ. ರಸ್ತಾ ಹಸಿ ಐತಿ ಅಂದಾಂವ ಇಂವ. ಜೋರ್ ಹೊಡಿ, ಇಲ್ಲಾಂದ್ರ ಕೆಲಸ ಬಿಡು ಅಂತ ಫೋನಿನ್ಯಾಗ ಬೈದಾಂವ, ಅಕಾ ಅಲ್ಲಿ ನಿಂತಾನ. ನಾನು ಬಾಜೂಕ ಕುಂತು ಕೇಳೀನಿ."

ಅಷ್ಟು ಉದ್ದ ಮಾತಾಡಿ ತಿಂಗಳುಗಳಾಗಿದ್ದವು. ದವಡೆ ಉರಿಯಿತು, ಜೋಮು ಹಿಡಿದ ತುಟಿಯಿಂದ ಜೊಲ್ಲು ಗದ್ದಕ್ಕೆ ಇಳಿಯಿತು. ಒರೆಸಿಕೊಳ್ಳಲಿಲ್ಲ. ಅದನ್ನೂ ತೆಗೆಯಲಿ ಎಂದೆ ಮನಸ್ಸಿನಲ್ಲಿ.

ಸುಭಾಸ ಕ್ಯಾಮೆರಾ ಆಫ್ ಮಾಡಿಸಿದ. ತಲೆಗೆ ಪೆಟ್ಟು ಬಿದ್ದವಳ ಮಾತು ಎಂದು ಮಡಿವಾಳೆಪ್ಪ ಕಾಕಾನಿಗೆ ಹೇಳಿದ, ಇನ್ನು ನನ್ನ ನೌಕರಿಯ ವಿಷಯ ಆಫೀಸಿನವರು ನೋಡಿಕೊಳ್ಳುತ್ತಾರೆ ಎಂದು ನನಗೆ ಹೇಳಿದ. ಅವ್ವ ಇಷ್ಟೊತ್ತು ಗೋಡೆಗೆ ಆತು ನಿಂತಿದ್ದಳು. ಹಣ್ಣಿನ ಬುಟ್ಟಿ ಎತ್ತಿಕೊಂಡು ಹೋಗಿ ಅವನ ಕಾರಿನೊಳಗೆ ಕುಕ್ಕಿದಳು.

"ತಗೊಂಡ ಹೋಗ್ರಿ. ನನ್ನ ಮಗಳಿಗೆ ಕಡ್ಯಾಕ ಬರಂಗಿಲ್ಲ."

ಕಾರು ಹೋಯಿತು. ಮುಜಫರ್ ನನಗೆ ಕೈ ಮುಗಿದಾನು ಅಂದುಕೊಂಡಿದ್ದೆ. ಅವನ ಕಣ್ಣುಗಳು ಕೆಂಪಾಗಿದ್ದವು.

"ಮಂದಿ ಫೋನಿಗೆ ಹೇಳಿದ್ರ ಆತೇನ್ರಿ ಅಕ್ಕಾರ? ಕೇಸ್ ಇರೂದು ಸ್ಟೇಷನ್ನಿನ್ಯಾಗ."

ಅವನ ಸಿಟ್ಟು ಸರಿಯಾಗಿತ್ತು. "ಹೋಗೂಣು, ಈಗ," ಎಂದೆ.

ಕೇಸು ದಾಖಲಾದ ಠಾಣೆ ಅಳ್ನಾವರದ ದಾರಿಯಲ್ಲಿದೆ, ನಮ್ಮ ಕಾರು ಉರುಳಿದ ಆ ಸೇತುವೆ ದಾಟಿಯೇ ಹೋಗಬೇಕು. ಮಡಿವಾಳೆಪ್ಪ ಕಾಕಾನ ಜೀಪು ಬಾಗಿಲಲ್ಲೇ ನಿಂತಿತ್ತು. ರಾಜಿ ಕೆಟ್ಟುಹೋದ ಬೇಸರದಲ್ಲಿದ್ದರೂ ಅವನು ಇಲ್ಲ ಎನ್ನಲಿಲ್ಲ. ಚಾವಿ ಹಿಡಿದುಕೊಂಡು, ಗಾಡಿ ಹೊಡೆಯಲು ತನ್ನ ಮಗ ಈರೇಶನನ್ನು ಕೂಗಿದ. ನಾನು ಅವನ ಕೈಯಿಂದ ಚಾವಿ ತೆಗೆದುಕೊಂಡು ಮುಜಫರನಿಗೆ ಕೊಟ್ಟೆ. ಫೋನುಗಳು ಇನ್ನೂ ಮೇಲೆಯೇ ಇದ್ದವು.

ಅವ್ವ ಮತ್ತು ರಹೀಮಾಬಿ ಹಿಂದೆ ಹತ್ತಿದರು. ನಾನು ಮುಂದೆ, ಅವನ ಬಾಜು ಕೂತೆ. ಅಪಘಾತವಾದ ಮೇಲೆ ಮುಂದಿನ ಸೀಟಿನಲ್ಲಿ ಕೂತಿರಲಿಲ್ಲ. ಬೆಲ್ಟ್ ಎಳೆದುಕೊಂಡು ಎರಡು ಸಲ ಒತ್ತಿದರೂ ಸಿಗಲಿಲ್ಲ. ಮುಜಫರ್ ಅದನ್ನು ಸಿಕ್ಕಿಸಿ, ಸ್ಟೇರಿಂಗ್ ಮೇಲೆ ಎರಡೂ ಕೈ ಇಟ್ಟು, ರೂಢಿಯಂತೆ ಅಪ್ಪಣೆಗಾಗಿ ನನ್ನ ಕಡೆ ನೋಡಿದ.

"ಎಷ್ಟ ಸ್ಪೀಡಿನ್ಯಾಗ ಹೋಗೂಣ್ರಿ?"

"ನಿನಗ ಎಷ್ಟ ಸರಿ ಅನಸ್ತೈತಿ, ಅಷ್ಟ," ಎಂದೆ.