ಮುಚ್ಚಳದ ಮೇಲಿನ ಹೆಬ್ಬೆಟ್ಟು

ಒಣಗಿದೆಯೋ ಇಲ್ಲವೋ, ಒಲೆಯ ಮುಂದೆ ನಿಂತರೆ ಗೊತ್ತಾಗುವುದಿಲ್ಲ, ನಡುಮನೆಯ ಗೂಟಕ್ಕೆ ನೇತುಹಾಕಿದ ತೊಗಲಿನ ಬ್ಯಾಗಿನ ಮೇಲೆ ಕಿಟಕಿಯ ಬಿಸಿಲು ಬಿದ್ದಿದೆ, ಮುಚ್ಚಳದ ಅಂಚಿನಲ್ಲಿ ಏನೋ ಬೆಳ್ಳಗೆ ಕಾಣುತ್ತಿದೆ, ಬಿಸಿಲೇ ಇರಬೇಕು, ಬಿಸಿಲೇ ಆಗಿರಲಿ — ಹರ್ಷಿತ ದೋಸೆ ಮಗುಚಿದಳು, ಬಚ್ಚಲಲ್ಲಿ ಗಂಡ ಪ್ರಸಾದ್ ನೀರು ಹುಯ್ದುಕೊಳ್ಳುವ ಸದ್ದು, ಜೊತೆಗೆ ಸಿಳ್ಳೆ ಬೇರೆ, ಸೋಮವಾರ ಆಫೀಸಿಗೆ ಹೊರಡುವ ಗಂಡಸಿಗೆ ಸಿಳ್ಳೆ ಹೊಡೆಯುವಂಥದ್ದು ಏನಿರುತ್ತದೆ, ಇರುತ್ತದೆ, ಯಾಕಿರಬಾರದು, ಕೆ.ಆರ್. ಪೇಟೆ ಬಸ್ ಸ್ಟ್ಯಾಂಡಿನಲ್ಲಿ ಪಾಂಡವಪುರದ ಬಸ್ಸು ನಿಂತಿರುತ್ತದೆ, ಅದರಲ್ಲಿ ಸ್ನೇಹ ಕಿಟಕಿ ಪಕ್ಕದ ಸೀಟು ಹಿಡಿದು ಕೂತಿರುತ್ತಾಳೆ, ಇವನಿಗೂ ಅವಳಿಗೂ ಅದೇ ಆಫೀಸು, ಅದೇ ಬಸ್ಸು, ಬ್ಯಾಗೂ ಅದೇ ತರದ್ದು. ಆಫೀಸಿನವರೆಲ್ಲ ಮೈಸೂರಿಗೆ ಹೋದಾಗ ಇವನಿಗೆ ಇದನ್ನು ಆರಿಸಿಕೊಟ್ಟವಳೇ ಅವಳು. ಕೆಮಿಕಲ್ ಇಲ್ವಂತೆ ಹರ್ಷಿ, ಮರದ ತೊಗಟೆ ನೀರಲ್ಲಿ ನೆನೆಹಾಕಿ ಹದ ಮಾಡಿದ ತೊಗಲಂತೆ, ಬಳಸ್ತಾ ಬಳಸ್ತಾ ಬಣ್ಣ ಏರ್ತದಂತೆ, ನೀರು ಸೋಕಿಸ್ಬಾರ್ದಂತೆ, ಬಿಸ್ಲಿಗೆ ಇಕ್ಬಾರ್ದಂತೆ, ಸ್ನೇಹ ಏಳುದ್ರು — ಅಂತೆ ಅಂತೆ ಅಂತೆ, ಎಲ್ಲ ಅವಳ ಬಾಯಿಂದ ಉದುರಿದ ಮುತ್ತು. ಭಾನುವಾರ ಬಂತೆಂದರೆ ಜಗುಲಿಯಲ್ಲಿ ಕಾಲು ಚಾಚಿ ಕೂತು, ಬ್ಯಾಗನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಒಣಬಟ್ಟೆಯಲ್ಲಿ ಧೂಳು ಒರೆಸಿ, ಪುಟ್ಟ ಡಬ್ಬಿಯ ಜೇನುಮೇಣವನ್ನು ಬೆರಳ ತುದಿಯಲ್ಲಿ ತೆಗೆದು ಸುತ್ತ ಸುತ್ತ ಸವರುತ್ತಾನೆ, ಆ ಡಬ್ಬಿಯೂ ಅವಳು ಕೊಟ್ಟದ್ದೇ, ಹರ್ಷಿತಳಿಗೆ ಬೆನ್ನು ಹಿಡಿದುಕೊಂಡಾಗ ಮುಲಾಮು ಹಚ್ಚಲು ಬಂದ ಇದೇ ಕೈ ಎರಡು ಸಲ ತಿಕ್ಕಿ ಸಾಕಾ ಅಂದಿತ್ತು, ತೊಗಲಿಗೆ ಮಾತ್ರ ಮುಗಿಯುವುದೇ ಇಲ್ಲ.

ಆ ಮಚ್ಚೆ ಕಣ್ಣಿಗೆ ಬಿದ್ದದ್ದೂ ಒಂದು ಭಾನುವಾರವೇ. ಬಕಲ್‌ನ ಎಡಕ್ಕೆ, ಹೆಬ್ಬೆಟ್ಟಿನಗಲ, ಕಪ್ಪಗೆ, ಕೊಳೆಯ ಕಪ್ಪಲ್ಲ, ಕಾಸಿದ ಬೆಲ್ಲದ ಕಪ್ಪು, ಮೈಯೆಲ್ಲ ಹೊಂಬಣ್ಣವಿರುವ ಬ್ಯಾಗಿನಲ್ಲಿ ಅದೊಂದೇ ಜಾಗವನ್ನು ಯಾರೋ ದಿನಾ ಒತ್ತಿ ಹಿಡಿದ ಹಾಗೆ, ಗಂಡನ ಬೆರಳು ಅದರ ಹತ್ತಿರ ಬಂದು ಸುತ್ತು ಹಾಕಿಕೊಂಡು ಹೋಗುತ್ತದೆ, ಅಲ್ಲಿಗೆ ಮೇಣ ಸೋಕಿಸುವುದಿಲ್ಲ. ಅಲ್ಲಿಗ್ಯಾಕೆ ಹಚ್ಚಲ್ಲ, ಕೇಳಿದಳು. ಅಲ್ಗೆ ಬ್ಯಾಡ ಕಣಮ್ಮಿ, ಅದು ತಂತಾನೇ ಹದವಾಗ್ಬುಟ್ಟದೆ, ಅಂದು ನಕ್ಕ, ಇವಳನ್ನು ನೋಡಿ ನಕ್ಕದ್ದಲ್ಲ, ಮಚ್ಚೆಯನ್ನು ನೋಡಿ ನಕ್ಕದ್ದು. ಯಾರ ಹೆಬ್ಬೆಟ್ಟು ಅಂತ ಗೊತ್ತಾದದ್ದು ಚಿನಕುರಳಿಯ ಪುಟ್ಟಗೌರಮ್ಮತ್ತೆಯ ಮನೆಗೆಂದು ಅವನ ಜೊತೆ ಅದೇ ಬಸ್ಸು ಹತ್ತಿದ ದಿನ, ಕಾಲಿಡಲು ಜಾಗವಿಲ್ಲ, ಹರ್ಷಿತ ಕಂಬಿ ಹಿಡಿದು ನಿಂತಿದ್ದಾಳೆ, ಪ್ರಸಾದ್ ನಿಂತಿದ್ದಾನೆ, ಕೂತಿದ್ದ ಸ್ನೇಹ ಮುಖ ಎತ್ತದೆ ಕೈ ಚಾಚಿದಳು, ಇವನೂ ನೋಡದೆ ಬ್ಯಾಗು ಕೊಟ್ಟ, ಕೇಳುವುದಿಲ್ಲ ಹೇಳುವುದಿಲ್ಲ, ಎಷ್ಟು ದಿನದ ರೂಢಿಯಿದ್ದರೆ ಹಾಗೆ ಕೊಡಲು ಬರುತ್ತದೆ, ಅವಳು ಅದನ್ನು ತೊಡೆಯ ಮೇಲಿಟ್ಟುಕೊಂಡು ಮುಚ್ಚಳದ ಮೇಲೆ ಕೈಯಿಟ್ಟಳು — ನಿಂತವರ ಚೀಲ ಕೂತವರು ಇಟ್ಟುಕೊಳ್ಳುವುದು ಎಲ್ಲ ಬಸ್ಸಿನಲ್ಲೂ ಇದ್ದದ್ದೇ, ಅವಳ ತೊಡೆಯ ಮೇಲೆ ಇನ್ಯಾರದೋ ಊಟದ ಬುತ್ತಿಯೂ ಇತ್ತು, ಯಾವುದೋ ಕಾಲೇಜು ಹುಡುಗಿಯ ಪುಸ್ತಕಗಳೂ ಇದ್ದವು, ಇರಲಿ, ಅವು ಬೇರೆ, ಇದು ಬೇರೆ. ಬನ್ನಿ ಅಕ್ಕ, ಒಸಿ ಸರ್ಕತೀನಿ, ಕೂತ್ಕಳಿ, ಅಂದಳು ನಗುತ್ತಾ. ಬೇಡ, ಇಲ್ಲೇ ಇಳಿಯೋದು, ಅಂದಳು ಹರ್ಷಿತ, ಚಿನಕುರಳಿ ಇನ್ನೂ ದೂರವಿತ್ತು, ಕಾಲು ನೋಯುತ್ತಿತ್ತು, ಕಣ್ಣು ಮಾತ್ರ ಆ ಹೆಬ್ಬೆಟ್ಟಿನ ಮೇಲೆ, ನೋಡು, ಸರಿಯಾಗಿ ಬಕಲ್‌ನ ಎಡಕ್ಕೆ, ಬಲಕ್ಕೋ ಏನೋ, ಇಲ್ಲ, ಎಡಕ್ಕೇ, ಎಡಕ್ಕೇ ಇರಬೇಕು.

ನಿನ್ನೆ ಅವನು ಗೆಳೆಯನ ಗೃಹಪ್ರವೇಶಕ್ಕೆಂದು ನಾಗಮಂಗಲಕ್ಕೆ ಹೋದ, ಬ್ಯಾಗು ಮನೆಯಲ್ಲೇ ಉಳಿಯಿತು. ಅಕ್ಕಸಾಲಿ ಕಾಳಪ್ಪನ ಮಗಳಿಗೆ ಕೊಳೆ ತೆಗೆಯುವುದನ್ನು ಬೇರೆಯವರು ಹೇಳಿಕೊಡಬೇಕೇ, ಅಪ್ಪನ ಅಂಗಡಿಗೆ ಮಾಸಿದ ಸರ ಬಂದರೆ ಅಂಟುವಾಳದ ನೀರು ಕಾಯಿಸಿ, ಅದ್ದಿ, ಬ್ರಷ್ಷಿನಲ್ಲಿ ಉಜ್ಜು ಉಜ್ಜು, ಮೈಬೆವರು ಎಷ್ಟೇ ಕುಡ್ದಿರ್ಲಿ ಎಲ್ಲ ಕಕ್ಬುಡ್ತದೆ ಕಣವ್ವ, ತೊಟ್ಟೋರು ಯಾರೂಂತ ಗುರ್ತೇ ಸಿಗ್ಬಾರ್ದು ಅನ್ನುತ್ತಿದ್ದರು ಅಪ್ಪ. ಗುರುತು ಸಿಗಬಾರದು, ಅಷ್ಟೇ ತಾನೇ ಬೇಕಾದ್ದು, ಅಂಟುವಾಳ ಕಿವುಚಿದಳು, ಬಿಸಿನೀರು, ನೊರೆ, ಬ್ರಷ್ಷು, ತೊಗಲು ಮೊದಲು ಪೂರ್ತಿ ಕಪ್ಪಾಯಿತು, ಮಚ್ಚೆ ಎಲ್ಲಿ ಅಂತಲೇ ತಿಳಿಯಲಿಲ್ಲ, ಹೋಗು, ಹಾಳಾಗಿ ಹೋಗು, ಅವನ ಬಸ್ಸಿನಿಂದ ಹೋಗು, ಅವನ ನಗುವಿನಿಂದ ಹೋಗು, ಉಜ್ಜಿದಳು, ಅತ್ತೆ ಚೆಲುವಮ್ಮ ಹಿತ್ತಲ ಬಾಗಿಲಿಗೆ ಬಂದು ನಿಂತು ಅದೇನಮ್ಮಿ ಅಂಗೆ ತಿಕ್ತಿದ್ದೀಯೆ, ಒಡವೆ ಆದ್ರೆ ಸರಿ, ತೊಗ್ಲು ತಡ್ದಾತಾ ಅಂದರು, ಕೊಳೆ ಕಣತ್ತೆ ಅಂದಳು, ಉಜ್ಜಿದಳು, ಮೊಣಕೈವರೆಗೂ ನೊರೆ, ಸುಖವಾಗಿತ್ತು, ಸುಳ್ಳು ಯಾಕೆ, ಬಹಳ ಸುಖವಾಗಿತ್ತು.

ಬಚ್ಚಲು ಸುಮ್ಮನಾಗಿದೆ. ಅವನು ಅಂಗಿ ತೊಟ್ಟದ್ದು, ದೋಸೆ ತಿಂದದ್ದು, ಚಟ್ನಿ ಚೆಂದಾಗಿ ಅದೆ ಅಂದದ್ದು, ಯಾವುದೂ ಇವಳಿಗೆ ಸರಿಯಾಗಿ ಕೇಳಿಸಲಿಲ್ಲ, ಹರ್ಷಿ, ಬ್ಯಾಗ್ ಕೊಡಮ್ಮಿ, ಬಸ್ಸು ಒಂಟೋಯ್ತದೆ ಅಂತ ಹೊಸ್ತಿಲಾಚೆ ನಿಂತಿದ್ದಾನೆ, ಹೊರಗೆ ಹೊರಟ ಗಂಡಸು ಗೂಟಕ್ಕೆ ಕೈ ಹಾಕಬಾರದು, ಒಳಗಿಂದ ಹೆಂಡ್ತಿ ಕೈಲಿ ಈಸ್ಕಂಡು ಹೊರಡಬೇಕು ಅನ್ನುವುದು ಚೆಲುವಮ್ಮನ ಕಟ್ಟಳೆ, ಮದುವೆಯಾದಾಗಿನಿಂದ ನಡೆದುಬಂದದ್ದು, ದೋಸೆಯ ಎಣ್ಣೆಗೈಯನ್ನು ನೈಟಿಗೆ ಒರೆಸಿಯೂ ಒರೆಸದೆ ಓಡಿಬಂದು ಗೂಟದಿಂದ ತೆಗೆದು ಕೊಡುವುದು, ಇವತ್ತೂ ತೆಗೆದಳು, ಹಪ್ಪಳದ ಹಾಗೆ ಸೆಟೆದುಕೊಂಡಿದೆ, ನೋಡದೆ ಚಾಚಿದಳು, ಅವನು ತೆಗೆದುಕೊಳ್ಳಲಿಲ್ಲ. ಅಯ್ಯೋ, ಇದ್ನ ಯಾರು ಉಜ್ಜಾಕಿದ್ದು. ನಾನೇ, ಕೊಳೆಯಾಗಿತ್ತು. ಕೊಳೆ ಅಲ್ಲ ಕಣಮ್ಮಿ, ನಿನ್ ಕೈ ಎಣ್ಣೆ ಅದು, ದಿನಾ ಇಲ್ಲೇ ಇಡ್ಕಂಡು ಕೊಟ್ಟು ಕೊಟ್ಟು ನಿನ್ ಹೆಬ್ಬೆಟ್ಟು ಕೂತ್ಬುಟ್ಟಿತ್ತು, ನಾನು ಮೇಣ ಸೈತ ಸೋಕಿಸ್ದೆ ಮಡೀಕಂಡಿದ್ದೆ, ಹೋಗ್ಲಿ ಬುಡು, ಕೊಡು, ಬಸ್ಸಿಗೆ ಒತ್ತಾಯ್ತು. ತನ್ನ ಬೆರಳಿನ ಮೇಲೇ ಹೊಟ್ಟೆಕಿಚ್ಚು ಪಟ್ಟಳೇ ಇಷ್ಟು ದಿನ, ಅಳಬೇಕೋ ನಗಬೇಕೋ, ಕೊಡು ಅನ್ನುತ್ತಿದ್ದಾನೆ, ಎಳೆಯುತ್ತಿದ್ದಾನೆ, ಕೊಟ್ಟರೆ ಇನ್ನು ಸ್ವಲ್ಪ ಹೊತ್ತಿಗೆ ಇದು ಆ ಸೀಟಿನಲ್ಲಿ, ಆ ತೊಡೆಯ ಮೇಲೆ, ಮುಖ ಎತ್ತದೆ ಚಾಚಿದ ಆ ಕೈಯ ಕೆಳಗೆ, ಅವಳಿಗೆಂದು ತಾನೇ ಉಜ್ಜಿ ಖಾಲಿ ಮಾಡಿಕೊಟ್ಟ ಜಾಗ, ಬುಡಮ್ಮಿ ಅನ್ನುತ್ತಿದ್ದಾನೆ, ಅದೇ ಜಾಗದ ಮೇಲೆ ಒತ್ತಿಕೊಂಡಿರುವ ಹೆಬ್ಬೆಟ್ಟು ತೆಗೆಯಲಾರಳು, ತೆಗೆದರೆ ಕಾಣುತ್ತದೆ, ಬಕಲ್‌ನ ಎಡಕ್ಕೆ, ಹೆಬ್ಬೆಟ್ಟಿನಗಲ, ಬೆಳ್ಳಗೆ —