ತೊಳೆದ ಚಿಪ್ಪುಗಳು

ನನ್ನ ಗಂಡ ಓರ್ಸಾತ್‌ನನ್ನು ಮಣ್ಣು ಮಾಡಿದ ನಾಲ್ಕನೆಯ ದಿನ ಬೆಳಿಗ್ಗೆ ಯಾರೂ ಬಾಗಿಲು ತಟ್ಟಲಿಲ್ಲ. ಹಲ್ಲುಜ್ಜಿದೆ. ಬಟ್ಟೆ ಒಗೆದು ಹರವಿದೆ. ಆಮೇಲೆ ನಮ್ಮ ಪ್ರಯೋಗಾಲಯಕ್ಕೆ ಹೋಗಿ ಬಾರ್ಬಾ ಲುಕ್ಷಾ ಅವರ ಮರದ ಪೆಟ್ಟಿಗೆಯನ್ನು ಕೆಳಗಿಳಿಸಿದೆ.

ಲುಕ್ಷಾ ಸ್ಟೋನ್ ಎಂಬ ನಮ್ಮೂರಿನ ಕೊಲ್ಲಿಯಲ್ಲಿ ಸಿಂಪಿ ಸಾಕುವವರು. ಮುದುಕರಾದ್ದರಿಂದ ಊರಿಗೆಲ್ಲ ಬಾರ್ಬಾ, ಅಂದರೆ ದೊಡ್ಡಪ್ಪ. ಅವರ ತಾಯಿ ಪ್ರತಿ ವರ್ಷ ಸಂತ ಜೋಸೆಫರ ಹಬ್ಬದಂದು, ಸಿಂಪಿ ಚೆನ್ನಾಗಿ ಕೊಬ್ಬಿದ ಹೊತ್ತಿಗೆ, ತಿಂದ ಮೊದಲನೆಯದರ ಚಿಪ್ಪಿನೊಳಗೆ ಇಸವಿ ಬರೆದಿಡುತ್ತಿದ್ದರು. ಹಾಗೆ ಐವತ್ತೊಂದು ಚಿಪ್ಪು. ಅವನ್ನು ನನ್ನ ಗಂಡ ಎರವಲು ಕೇಳಿದ. ಸಮುದ್ರದ ನೀರು ಬಿಸಿಯಾದಷ್ಟೂ ಅದರಲ್ಲಿನ ಮೆಗ್ನೀಸಿಯಂ ಚಿಪ್ಪಿಗೆ ಹೆಚ್ಚು ಸೇರುತ್ತದೆ. ಯಾರೂ ಅಳೆಯದ ವರ್ಷಗಳ ಬಿಸಿಯೂ ಅಲ್ಲಿ ಉಳಿದಿರುತ್ತದೆ.

"ನೀರು ಬಿಸಿಯಾಗಿದೆ ಅನ್ನೋಕೆ ಯಂತ್ರ ಬೇಕೇನ್ರೋ? ಕಾಲು ಅದ್ದಿ ನೋಡ್ರೋ!" ಎಂದು ಲುಕ್ಷಾ ನಕ್ಕಿದ್ದರು. "ತಗೊಂಡ್ ಹೋಗು. ಅಮ್ಮನ ಅಕ್ಷರ ಮಾತ್ರ ಜೋಪಾನ."

ಆ ಮಾತು ನನಗೂ ಕೇಳಿಸಿತ್ತು.

ಅಳೆಯುವ ಮೊದಲು ಚಿಪ್ಪಿನ ಕೊಳೆ ಹೋಗಬೇಕು. ಆ ಕೆಲಸ ನನ್ನದು. ಪ್ರತಿ ಚಿಪ್ಪಿನ ಹೊರಮೈಗೆ ಸಂಖ್ಯೆ ಕೆತ್ತಿ, ಯಾವುದು ಯಾವ ಇಸವಿಯದೆಂದು ಪಟ್ಟಿ ಮಾಡಿ, ಎಲ್ಲವನ್ನೂ ಮಂದ ಆಮ್ಲದಲ್ಲಿ ಅದ್ದಿ ತೊಳೆದೆ. ಇಸವಿಯ ಕೆಳಗೆ ಪೆನ್ಸಿಲಿನಲ್ಲಿ ಒಂದೊಂದು ಸಾಲು ಇತ್ತು. ಓದಲಿಲ್ಲ.

ಫಲಿತಾಂಶ ಚೆನ್ನಾಗಿ ಬಂತು. ಭೂಮಿ ಕಾಯುತ್ತ ಬಂದ ಹಾಗೆ ಮೆಗ್ನೀಸಿಯಂನ ಗೆರೆಯೂ ಏರಿತ್ತು. ಇಬ್ಬರೂ ಕುಣಿದಾಡಿದೆವು. ಆಮೇಲೆ ಓರ್ಸಾತ್ ಒಂದು ಚಿಪ್ಪನ್ನು ತಿರುಗಿಸಿ ನೋಡಿದ. ಒಳಗಿನ ಅಕ್ಷರವೆಲ್ಲ ಅಳಿಸಿಹೋಗಿತ್ತು.

"ಬಾರ್ಬಾಗೆ ನಾನೇ ಹೇಳ್ತೀನಿ ಬಿಡು," ಎಂದ. ನನಗೆ ಹಗುರವಾಯಿತು. ಐದು ತಿಂಗಳು ಅವನು ಲುಕ್ಷಾ ಅವರ ಕಣ್ಣು ತಪ್ಪಿಸಿ ಓಡಾಡಿದ. ಮೂವತ್ತಾರನೆಯ ವಯಸ್ಸಿಗೇ ಅವನ ಹೃದಯ ನಿಂತಿತು.

ಆ ಬೆಳಿಗ್ಗೆ ನಾನು ಪೆಟ್ಟಿಗೆ ಹೊತ್ತು ಹೋದಾಗ ಲುಕ್ಷಾ ದಡದಲ್ಲಿ ಹಗ್ಗ ಬಿಡಿಸುತ್ತಿದ್ದರು.

"ಬಾ ಮಗಳೇ. ಏನಾದ್ರೂ ತಿಂದ್ಯಾ? ಎಲ್ಲಿ ತಿಂದಿರ್ತೀಯ, ಮುಖ ನೋಡಿದ್ರೆ ಖಾಲಿ ಬಲೆ ಇದ್ದ ಹಾಗಿದೆ."

ಪೆಟ್ಟಿಗೆ ತೆರೆದರು. ಒಂದು ಚಿಪ್ಪು ತಿರುಗಿಸಿದರು. ಬಿಳಿ. ಇನ್ನೊಂದು. ಅದೂ ಬಿಳಿ.

"ಅಯ್ಯೋ ಓರ್ಸಾತ್," ಎಂದರು. ಚಿಪ್ಪನ್ನು ಕೆಳಗಿಟ್ಟು, "ಹೋಗ್ಲಿ. ಸತ್ತೋನ ಜೊತೆ ಎಂಥ ಜಗಳ."

ಅವರು ಮೂರನೆಯದನ್ನು ಎತ್ತಿಕೊಳ್ಳುವವರೆಗೂ ತಪ್ಪನ್ನು ಅವನ ಮೇಲೆಯೇ ಬಿಟ್ಟಿದ್ದೆ.

"ಅವನಲ್ಲ ಬಾರ್ಬಾ. ತೊಳೆದದ್ದು ನಾನು."

"ಓದಿದ್ಯಾ?"

"ಇಲ್ಲ."

"ಒಂದೂ?"

"ಇಸವಿ ಮಾತ್ರ."

ಅವರು ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡರು. ಬೈಯಲಿಲ್ಲ. ಬೈದಿದ್ದರೆ ತಲೆಯೆತ್ತಬಹುದಿತ್ತು.

"ನಲವತ್ತಮೂರು ಯಾವ್ದು? ನಾನು ಹುಟ್ಟಿದ ವರ್ಷ."

ಪಟ್ಟಿ ನೋಡಿ, ಸಂಖ್ಯೆ ಹುಡುಕಿ, ಅವರ ಅಂಗೈಯಲ್ಲಿಟ್ಟೆ. ಉಳಿದ ಐವತ್ತನ್ನು ಪೆಟ್ಟಿಗೆಯಲ್ಲಿ ಜೋಡಿಸಿ ಅವರ ಕಾಲ ಬಳಿ ಇಟ್ಟೆ.